ಕಂಠಸಂಸ್ಕಾರ ಮತ್ತು ಮನೋಧರ್ಮ: ಕುಮಾರ ಗಂಧರ್ವರ ಗಾಯನದ ಒಂದು ವಿವೇಚನೆ

ಹಿಂದುಸ್ತಾನಿ ಗಾಯನದ ಚರ್ಚೆ ಎಲ್ಲಿಯೇ ನಡೆಯಲಿ, ಕುಮಾರ ಗಂಧರ್ವರ ಹೆಸರು ಬಂದೊಡನೆ ಎರಡು ಮಾತುಗಳು ಸಿದ್ಧವಾಗಿರುತ್ತವೆ. ಕ್ಷಯರೋಗವು ಅವರ ಒಂದು ಶ್ವಾಸಕೋಶವನ್ನು ಕೆಡಿಸಿತು, ಆದುದರಿಂದ ಅವರು ತುಂಡು ತುಂಡಾಗಿ ಹಾಡಿದರು ಎಂಬುದು ಮೊದಲನೆಯದು. ಅವರು ಘರಾಣೆಯನ್ನು ಧಿಕ್ಕರಿಸಿದವರು, ಗುರುವಿನಿಂದ ಬಂದುದನ್ನು ಬದಿಗೊತ್ತಿ ಕೇವಲ ಸ್ವಂತ ಪ್ರಯೋಗದಿಂದ ಹೊಸದೊಂದು ಗಾಯಕಿಯನ್ನು ಕಟ್ಟಿದರು ಎಂಬುದು ಎರಡನೆಯದು. ಮೊದಲನೆಯ ಮಾತು ಕನಿಕರದಿಂದ ಹುಟ್ಟಿದ್ದು. ಎರಡನೆಯದು ಕೆಲವರಲ್ಲಿ ಅಭಿಮಾನದಿಂದ, ಕೆಲವರಲ್ಲಿ ಅಸಮಾಧಾನದಿಂದ ಹುಟ್ಟಿದ್ದು. ಎರಡರಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ಆದರೆ ರೋಗ ಅನೇಕ ಗಾಯಕರಿಗೆ ಬಂದಿದೆ, ಪರಂಪರೆಗೆ ಬೆನ್ನು ತಿರುಗಿಸಿದವರೂ ಅನೇಕರಿದ್ದಾರೆ. ಅವರೆಲ್ಲರ ನಡುವೆ ಈ ಒಂದು ಕಂಠವು ಮಾತ್ರ ತನ್ನ ಕೊರತೆಯನ್ನೇ ಅಭಿವ್ಯಕ್ತಿಯ ಸಾಧನವನ್ನಾಗಿ ಹೇಗೆ ಮಾಡಿಕೊಂಡಿತು ಎಂಬ ಪ್ರಶ್ನೆಗೆ ಈ ಮಾತುಗಳಲ್ಲಿ ಉತ್ತರವಿಲ್ಲ.

ಖ್ಯಾಲ್ ಗಾಯನವು ಮುಖ್ಯವಾಗಿ ಮನೋಧರ್ಮದ ಗಾಯನ. ಕೆಲವೇ ಸಾಲುಗಳ ಚೀಜು, ರಾಗದ ಚೌಕಟ್ಟು, ತಾಳದ ಆವರ್ತ, ಇಷ್ಟು ಮಾತ್ರ ಮೊದಲೇ ನಿಶ್ಚಿತವಾದುದು. ಉಳಿದುದೆಲ್ಲ ಆಯಾ ಕ್ಷಣದಲ್ಲಿ ಹುಟ್ಟಬೇಕು. ಹಾಗೆ ಹುಟ್ಟಬೇಕಾದರೆ ಮನಸ್ಸಿನಲ್ಲಿ ಮೂಡಿದ ಸ್ವರಾಕೃತಿಯನ್ನು ಕಂಠವು ತಡಮಾಡದೆ ನುಡಿಯಬೇಕು. ವೀಣಾವಾದಕನಿಗೆ ಮೆಟ್ಟುಗಳು ಕಣ್ಣಿಗೆ ಕಾಣುತ್ತವೆ, ಬೆರಳಿಗೆ ತಾಗುತ್ತವೆ. ಗಾಯಕನಿಗೆ ಅಂಥ ಆಸರೆ ಯಾವುದೂ ಇಲ್ಲ. ತನ್ನ ವಾದ್ಯವನ್ನು ಅವನು ಕಾಣಲಾರ, ಮುಟ್ಟಲಾರ. ಕಿವಿಯಿಂದ ಮಾತ್ರ ಅದನ್ನು ಆಳಬೇಕು. ಆದುದರಿಂದಲೇ ಹಿಂದಿನ ಉಸ್ತಾದರು ಕಂಠಸಂಸ್ಕಾರಕ್ಕೆ ವರ್ಷಗಟ್ಟಲೆ ಕಾಲವನ್ನು ಮೀಸಲಿಡುತ್ತಿದ್ದರು. ಬೆಳಗಿನ ಜಾವದಲ್ಲಿ ಖರ್ಜದ ಸಾಧನೆ, ಅನಂತರ ಪಲ್ಟಾಗಳು, ಆಮೇಲೆ ಒಂದೇ ರಾಗದ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಭ್ಯಾಸ, ಇದು ಕ್ರಮ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳನ್ನೇ ಮುಖ್ಯವಾಗಿಟ್ಟುಕೊಂಡು ಕಲಿಸಿದರೆಂಬುದು ಸಂಗೀತಾಸಕ್ತರೆಲ್ಲ ಬಲ್ಲ ಸಂಗತಿ. ಮುಂಜಾನೆ, ಮಧ್ಯಾಹ್ನ, ಸಂಜೆಯ ಈ ಮೂರು ರಾಗಗಳಲ್ಲಿ ಕೋಮಲ ರಿಷಭ, ತೀವ್ರ ಮಧ್ಯಮಗಳ ಸೂಕ್ಷ್ಮ ಸ್ಥಾನಗಳು ಕಂಠಕ್ಕೆ ಹತ್ತಿದರೆ ಉಳಿದ ರಾಗಗಳು ತಾವಾಗಿ ದಾರಿ ಬಿಡುತ್ತವೆ ಎಂಬುದು ಅದರ ಹಿಂದಿನ ತಿಳಿವಳಿಕೆಯಾಗಿರಬೇಕು.

ಈ ತಾಲೀಮಿನ ಒಡಲಲ್ಲಿಯೇ ಒಂದು ಅಪಾಯವೂ ಅಡಗಿದೆ. ಸಾವಿರಾರು ಬಾರಿ ಹೊರಳಿದ ಕಂಠವು ಕ್ರಮೇಣ ತನ್ನದೇ ಜಾಡನ್ನು ಹಿಡಿಯುತ್ತದೆ. ಬೈಠಕ್ಕಿನಲ್ಲಿ ಗಾಯಕನು ಯೋಚಿಸುವ ಮೊದಲೇ ಅವನ ಗಂಟಲು ಯೋಚಿಸಿಬಿಡುತ್ತದೆ. ಸಮ್ ಹತ್ತಿರ ಬಂತೆಂದರೆ ಅದೇ ತಿರುವು, ತಾರಸ್ಥಾಯಿಗೆ ಏರುವಾಗ ಅದೇ ನಿಲುಗಡೆ, ಇಳಿಯುವಾಗ ಅದೇ ಸಪಾಟ ತಾನ. ಕೇಳುವವರು ಅದನ್ನು ಮನೋಧರ್ಮವೆಂದು ತಿಳಿದು ತಲೆದೂಗುತ್ತಾರೆ. ವಾಸ್ತವವಾಗಿ ಅದು ನೆನಪಿನ ವ್ಯಾಪಾರ. ಗಾಣದ ಎತ್ತೂ ದಿನವಿಡೀ ನಡೆಯುತ್ತದೆ, ಊರು ಬಿಟ್ಟು ಹೋಗುವುದಿಲ್ಲ. ಕಂಠಕ್ಕೆ ಸಂಸ್ಕಾರವೂ ಬೇಕು, ಆ ಸಂಸ್ಕಾರವು ಮನೋಧರ್ಮವನ್ನು ನುಂಗಲೂ ಕೂಡದು. ಕುಮಾರ ಗಂಧರ್ವರ ಗಾಯನವನ್ನು ಪರೀಕ್ಷಿಸಬೇಕಾದುದು ಈ ದ್ವಂದ್ವದ ನೆಲೆಯಲ್ಲಿ.

ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರಿಗೆ ‘ಕುಮಾರ ಗಂಧರ್ವ’ ಎಂಬುದು ಬಾಲ್ಯದಲ್ಲಿಯೇ ಮಠಾಧಿಪತಿಯೊಬ್ಬರಿಂದ ಬಂದ ಬಿರುದು. ಆ ಬಿರುದಿಗೆ ಕಾರಣವಾದ ಶಕ್ತಿ ಯಾವುದೆಂಬುದು ಇಲ್ಲಿ ಮುಖ್ಯ. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಹೆಸರಾಂತ ಗಾಯಕರ ಹಾಡಿಕೆಯನ್ನು ಆ ಬಾಲಕ ಯಥಾವತ್ತಾಗಿ ಒಪ್ಪಿಸುತ್ತಿದ್ದ. ಅಬ್ದುಲ್ ಕರೀಂಖಾನರ ದನಿಯ ಎಳೆಯಾಗಲಿ, ಫಯ್ಯಾಜ್‌ಖಾನರ ಗಾಂಭೀರ್ಯವಾಗಲಿ, ಯಾವುದೂ ಅವನಿಗೆ ಅಸಾಧ್ಯವಾಗಿರಲಿಲ್ಲ. ಹನ್ನೆರಡರ ಆಸುಪಾಸಿನಲ್ಲಿಯೇ ಅಲಹಾಬಾದ, ಮುಂಬಯಿಗಳ ಸಭೆಗಳು ಅವನಿಗೆ ಬೆರಗಾದವು. ಎಲ್ಲರ ಕಂಠವೂ ಇದ್ದ ಆ ಹುಡುಗನಿಗೆ ಇಲ್ಲದಿದ್ದುದು ಒಂದೇ: ಸ್ವಂತ ಕಂಠ. ಬಾಲಪ್ರತಿಭೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಮುಗಿದು ಹೋಗುತ್ತವೆ. ದನಿ ಒಡೆಯುವ ವಯಸ್ಸು ಬಂದಾಗ ಅನುಕರಣೆ ಕೈಬಿಡುತ್ತದೆ, ಅದರ ಕೆಳಗೆ ಬೇರೇನೂ ಇರುವುದಿಲ್ಲ.

ಈ ಕುಮಾರನು ಹಾಗಾಗದಿದ್ದುದಕ್ಕೆ ಮುಂಬಯಿಯ ಪ್ರೊ. ಬಿ. ಆರ್. ದೇವಧರರಲ್ಲಿ ದೊರೆತ ಶಿಕ್ಷಣವು ಕಾರಣವೆಂದು ಧಾರಾಳವಾಗಿ ಹೇಳಬಹುದು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಗ್ವಾಲಿಯರ ಪರಂಪರೆಗೆ ಸೇರಿದವರಾದರೂ ಒಂದೇ ಘರಾಣೆಯ ಗೋಡೆಯೊಳಗೆ ಕುಳಿತವರಲ್ಲ. ಪಾಶ್ಚಾತ್ಯ ಸಂಗೀತವನ್ನು ಅಭ್ಯಸಿಸಿದ್ದರು. ಕಂಠಸಾಧನೆಯ ಶಾಸ್ತ್ರೀಯ ವಿಚಾರದಲ್ಲಿ ಅವರಿಗೆ ವಿಶೇಷ ಆಸ್ಥೆಯಿತ್ತು. ಆಪೆರಾ ಹೌಸ್ ಸಮೀಪದ ಅವರ ಸಂಗೀತಶಾಲೆಗೆ ಬಡೇ ಗುಲಾಂ ಅಲಿಖಾನರಂಥ ನಾನಾ ಮನೆತನದ ಉಸ್ತಾದರು ಬಂದು ಹೋಗುತ್ತಿದ್ದರು. ಬೇಡಿದ ಚೀಜನ್ನು ಬಿಟ್ಟುಕೊಡದ ಉಸ್ತಾದರ ಕಾಲದಲ್ಲಿ ಇಂಥ ತೆರೆದ ಬಾಗಿಲು ಅಪರೂಪವಾಗಿತ್ತು. ಅಂಜನೀಬಾಯಿ ಮಾಲ್ಪೇಕರರಿಂದಲೂ ಕುಮಾರರಿಗೆ ಪಾಠವಾಯಿತು. ಸುಮಾರು ಹತ್ತು ವರ್ಷಗಳ ಈ ಕಲಿಕೆಯಲ್ಲಿ ಅವರು ಗಳಿಸಿದುದು ಒಂದು ಶೈಲಿಯನ್ನಲ್ಲ, ಶೈಲಿಗಳನ್ನು ಬಿಡಿಸಿ ನೋಡುವ ಬುದ್ಧಿಯನ್ನು. ಅನುಕರಣೆಯಲ್ಲಿ ಪಳಗಿದ ಕಿವಿಗೆ ವಿಶ್ಲೇಷಣೆಯು ಜೊತೆಗೂಡಿತು. ‘ಇವರು ಹೀಗೆ ಹಾಡುತ್ತಾರೆ’ ಎಂಬಲ್ಲಿಗೆ ನಿಲ್ಲುತ್ತಿದ್ದ ತಿಳಿವು ‘ಇವರ ಕಂಠ ಹೀಗಿರುವುದರಿಂದ ಇವರು ಹೀಗೆ ಹಾಡುತ್ತಾರೆ’ ಎಂಬಲ್ಲಿಗೆ ಸಾಗಿತು. ಈ ಎರಡನೆಯ ತಿಳಿವೇ ಮುಂದೆ ಅವರನ್ನು ಕಾಪಾಡಿತು.

1947ರಲ್ಲಿ ಭಾನುಮತಿಯವರೊಡನೆ ವಿವಾಹವಾಯಿತು. ಅದೇ ಸುಮಾರಿಗೆ ಕ್ಷಯ ಕಾಣಿಸಿಕೊಂಡಿತು. 1948ರ ಆರಂಭದಲ್ಲಿ ಒಣಹವೆಯನ್ನು ಅರಸಿ ದಂಪತಿಗಳು ಮಾಳವದ ದೇವಾಸಕ್ಕೆ ಬಂದರು. ಮುಂದಿನ ಐದಾರು ವರ್ಷ ಹಾಡುವುದು ನಿಷಿದ್ಧವಾಯಿತು. ಆಗ ಹೊಸದಾಗಿ ದೊರೆಯತೊಡಗಿದ್ದ ಸ್ಟ್ರೆಪ್ಟೋಮೈಸಿನ್ ಔಷಧಿಯಿಂದ ಪ್ರಾಣ ಉಳಿಯಿತು. ಒಂದು ಶ್ವಾಸಕೋಶ ಮಾತ್ರ ಉಪಯೋಗಕ್ಕೆ ಬಾರದಂತಾಯಿತು. 1953ರ ಸುಮಾರಿಗೆ ಅವರು ಪುನಃ ಸಭೆಯಲ್ಲಿ ಹಾಡಿದರು. ಇಷ್ಟು ಎಲ್ಲರಿಗೂ ತಿಳಿದ ಕಥೆ.

ಆ ವರ್ಷಗಳಲ್ಲಿ ಕಂಠ ಮೌನವಾಗಿದ್ದರೂ ಕಿವಿ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಈ ಕಥೆ ಸಾಕಷ್ಟು ಬೆಲೆ ಕೊಡುವುದಿಲ್ಲ. ಮಾಳವದ ಹೆಂಗಸರ ಹಾಡುಗಳು, ಜಾತ್ರೆಯ ದನಿಗಳು, ನಾಥಪಂಥದ ಜೋಗಿಗಳ ನಿರ್ಗುಣ ಪದಗಳು ಹಾಸಿಗೆ ಹಿಡಿದ ಗಾಯಕನ ಕಿವಿಗೆ ಬಿದ್ದವು. ಗುಣಮುಖರಾದ ಮೇಲೆ ನೂರಾರು ಜಾನಪದ ಗೀತೆಗಳನ್ನು ಅವರು ಸಂಗ್ರಹಿಸಿದರು. ಆ ಗೀತೆಗಳ ಲಕ್ಷಣವೆಂದರೆ ಅವು ಮೂರು ನಾಲ್ಕು ಸ್ವರಗಳ ಅಂಗಳದಲ್ಲಿಯೇ ಆಡುತ್ತವೆ, ಸಾಲುಗಳು ಗಿಡ್ಡ, ಉಸಿರು ಮುಗಿದಲ್ಲಿ ಸಾಲು ಮುಗಿಯುತ್ತದೆ, ಸಾಲನ್ನು ಬೆಳೆಸಲೆಂದು ಉಸಿರನ್ನು ಹಿಗ್ಗಿಸುವ ಗೊಡವೆ ಅಲ್ಲಿಲ್ಲ. ಆದರೂ ಆ ಮೂರು ನಾಲ್ಕು ಸ್ವರಗಳಲ್ಲಿ ಒಂದು ರಾಗದ ಮುಖ ಹೊಳೆಯುತ್ತದೆ. ಶಾಸ್ತ್ರೀಯ ರಾಗಗಳ ಬೀಜವು ಇಂಥ ಧುನ್‌ಗಳಲ್ಲಿದೆ ಎಂದು ಕುಮಾರರು ಸಿದ್ಧಾಂತ ಮಾಡಿ, ಮಾಲವತಿ, ಸಂಜಾರಿಗಳಂಥ ‘ಧುನ್‌ಉಗಮ’ ರಾಗಗಳನ್ನು ಬೆಳಕಿಗೆ ತಂದರು. ಅವರ ‘ಅನೂಪರಾಗವಿಲಾಸ’ದ ಮೊದಲ ಭಾಗ ಪ್ರಕಟವಾದದ್ದು 1965ರಲ್ಲಿ. ಈ ಶೋಧನೆಯನ್ನು ರಾಗಶಾಸ್ತ್ರದ ಶೋಧನೆಯೆಂದು ಎಲ್ಲರೂ ಬಣ್ಣಿಸುತ್ತಾರೆ. ಅದು ಅಷ್ಟೇ ಮಟ್ಟಿಗೆ ಕಂಠದ ಶೋಧನೆಯೂ ಆಗಿತ್ತು. ದೀರ್ಘ ಶ್ವಾಸವಿಲ್ಲದವನು ಪೂರ್ಣವಾಗಿ ಹಾಡಬಲ್ಲನೆ ಎಂಬ ಪ್ರಶ್ನೆಗೆ ಮಾಳವದ ಹಳ್ಳಿಗರು ಶತಮಾನಗಳಿಂದ ಉತ್ತರ ಹೇಳುತ್ತ ಬಂದಿದ್ದರು. ಆ ಉತ್ತರ ಕೇಳಿಸಿದ್ದು ಶಾಸ್ತ್ರೀಯ ತಾಲೀಮಿನಿಂದ ಪಳಗಿದ ಕಿವಿಗೆ.

ಅವರ ಧ್ವನಿಮುದ್ರಿಕೆಗಳನ್ನು ಲಕ್ಷ್ಯವಿಟ್ಟು ಕೇಳಿದರೆ ಈ ಕಂಠದ ವ್ಯಾಪಾರ ಸ್ಪಷ್ಟವಾಗುತ್ತದೆ. ಮೊದಲನೆಯದು ತಂಬೂರಿ. ತಂಬೂರಿಗಳ ಶ್ರುತಿಗೂಡಿಕೆಯಲ್ಲಿ ಅವರು ತೋರುತ್ತಿದ್ದ ಹಟ ಪ್ರಸಿದ್ಧವಾಗಿದೆ. ಅದನ್ನು ಕಲಾವಿದನ ಚಾಪಲ್ಯವೆಂದು ನಕ್ಕವರೂ ಉಂಟು. ಆದರೆ ಉದ್ದನೆಯ ಆಲಾಪದಿಂದ ತಾನೇ ನಾದವನ್ನು ತುಂಬಿಸಬಲ್ಲ ಗಾಯಕನಿಗೆ ತಂಬೂರಿ ಹಿನ್ನೆಲೆ ಮಾತ್ರ. ಆಗಾಗ ನಿಲ್ಲಲೇಬೇಕಾದ ಗಾಯಕನಿಗೆ ಅದು ಸಹಗಾಯಕ. ಕುಮಾರರು ನಿಂತಾಗ ರಾಗ ನಿಲ್ಲುವುದಿಲ್ಲ, ತಂತಿಗಳಲ್ಲಿ ಮುಂದುವರಿಯುತ್ತದೆ. ಅವರು ಸ್ವರವನ್ನು ಎಲ್ಲಿ ಬಿಟ್ಟರೋ ಅಲ್ಲಿಂದ ತಂಬೂರಿ ಅದನ್ನು ಎತ್ತಿಕೊಳ್ಳುವಂತೆ ಅವರ ನಿಲುಗಡೆಗಳು ಇರುತ್ತವೆ.

ಎರಡನೆಯದು ತಾನದ ರಚನೆ. ದೀರ್ಘವಾದ ಆಕಾರದ ತಾನಕ್ಕೆ ಉಸಿರನ್ನು ಸಮನಾಗಿ, ಜಿಪುಣತನದಿಂದ ಹೊರಬಿಡಬೇಕಾಗುತ್ತದೆ. ಅದು ಅವರಿಗೆ ದುಸ್ಸಾಧ್ಯ. ಆದುದರಿಂದ ಅವರು ತಾನವನ್ನು ಮೂರು, ನಾಲ್ಕು, ಐದು ಸ್ವರಗಳ ಗುಚ್ಛಗಳನ್ನಾಗಿ ಒಡೆದು, ಪ್ರತಿಯೊಂದು ಗುಚ್ಛಕ್ಕೂ ಅದರದೇ ಹೊಸ ಚಿಮ್ಮುವಿಕೆಯನ್ನು ಕೊಟ್ಟರು. ಗುಚ್ಛಗಳ ನಡುವಿನ ತೆರವು ಮಾತ್ರೆಯ ಮೇಲೆ ಬೀಳದೆ ಪಕ್ಕಕ್ಕೆ ಬೀಳುತ್ತದೆ. ಹೀಗಾಗಿ ಉಸಿರಾಟದ ಬಿಡುವೇ ಲಯದ ಕ್ರೀಡೆಯಾಗುತ್ತದೆ. ಕೇಳುವವನಿಗೆ ಗಾಯಕ ಉಸಿರೆಳೆದುದು ತಿಳಿಯುವುದಿಲ್ಲ, ಲಯ ಹೊರಳಿದುದು ತಿಳಿಯುತ್ತದೆ. ಮಧ್ಯಲಯದ ಚೀಜುಗಳಲ್ಲಿ ಅವರು ಹೆಚ್ಚು ನೆಲೆಸಿದುದಕ್ಕೂ ಇದೇ ಕಾರಣ. ಆವರ್ತವು ಚಿಕ್ಕದಾಗಿದ್ದಾಗ ತೆರವುಗಳಿಗೆ ಆಧಾರ ಬೇಗ ಸಿಗುತ್ತದೆ.

ಮೂರನೆಯದು ದನಿಯ ಏರಿಳಿತ. ತಾರಷಡ್ಜಕ್ಕೆ ದನಿಯನ್ನು ಒಮ್ಮೆಲೇ ಎಸೆದು, ಮರುಕ್ಷಣದಲ್ಲಿ ಪಿಸುಮಾತಿನಷ್ಟು ಸಣ್ಣಗೆ ಇಳಿಸುವ ಅವರ ರೀತಿಯನ್ನು ‘ನಾಟಕೀಯ’ವೆಂದು ಕರೆದವರಿದ್ದಾರೆ. ಎಸೆಯುವ ಬಗೆಯಂತೂ ಜೋಗಿಗಳಿಂದ ಬಂದುದು. ದೇವಾಸದ ಶೀಲನಾಥರ ಧುನಿಯಂಥ ತಾಣಗಳಲ್ಲಿ ಹಾಡುವ ಸಾಧುವಿಗೆ ಸಭೆಯಿಲ್ಲ, ಗೋಡೆಯಿಲ್ಲ. ಅವನ ದನಿ ಬಯಲಿಗೆ ಹೋಗುತ್ತದೆ, ಮರಳಿ ಬರಲೆಂದು ಕಾಯುವುದಿಲ್ಲ. ಕುಮಾರರ ಕಬೀರ ಪದಗಳಲ್ಲಿ ಕೇಳಿಬರುವ ನಿಸ್ಸಂಗತ್ವಕ್ಕೆ ಸಾಹಿತ್ಯ ಎಷ್ಟು ಕಾರಣವೋ ಈ ದನಿಯ ಎಸೆತವೂ ಅಷ್ಟೇ ಕಾರಣ. ಶಾಲೆಯ ಪಾಠದಲ್ಲಿ ಅದನ್ನು ಒರಟು ದನಿಯೆಂದು ತಿದ್ದಿಬಿಡುತ್ತಿದ್ದರು. ಅವರು ತಿದ್ದಲಿಲ್ಲ; ಆದರೆ ಎಸೆದ ದನಿ ಷಡ್ಜದ ನಟ್ಟನಡುವೆಯೇ ಹೋಗಿ ನೆಡುವಂತೆ ನೋಡಿಕೊಂಡರು. ಒರಟುತನ ಜೋಗಿಯದು, ಗುರಿ ತಾಲೀಮಿನದು. ಇನ್ನು ಆ ಪಿಸುದನಿಯ ವಿಷಯ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಅದು ಮೂರನೆಯ ಸಾಲಿಗೂ ಕೇಳಿಸುತ್ತಿರಲಿಲ್ಲ. ಮೈಕು ಬಂದ ಮೇಲೆ ಹಲವು ಗಾಯಕರು ಅದರ ಮುಂದೆಯೂ ಹಿಂದಿನಂತೆಯೇ ಗರ್ಜಿಸಿದರು. ಅದು ಸಣ್ಣ ದನಿಗೆ ಕೊಟ್ಟ ಅವಕಾಶವನ್ನು ಕುಮಾರರಂತೆ ಅರಿತು ಬಳಸಿದವರು ಕಡಿಮೆ. ಅವರ ತಂತ್ರದಲ್ಲಿ ಯಂತ್ರದ ಪಾಲೂ ಇದೆಯೆಂದರೆ ಅಭಿಮಾನಿಗಳು ಮುನಿಯಬೇಕಾಗಿಲ್ಲ.

ಹಾಗೆಂದು ದೋಷಗಳನ್ನು ಮುಚ್ಚಿಡುವುದೂ ವಿಮರ್ಶೆಯಲ್ಲ. ವಿಲಂಬಿತ ಖ್ಯಾಲಿನಲ್ಲಿ ಸ್ವರಕ್ಕೆ ಸ್ವರ ಪೋಣಿಸಿ, ರಾಗವನ್ನು ಮೊಗ್ಗಿನಿಂದ ಹೂವಾಗಿ ಬಿಡಿಸುವ ಬಢತ್ ಕ್ರಮವು ಕುಮಾರರಲ್ಲಿ ಕ್ಷೀಣವಾಗಿದೆ. ಭೀಮಸೇನರ ಮಂದ್ರದ ಒಂದು ದೀರ್ಘ ಷಡ್ಜದಿಂದ ಮನಸ್ಸಿಗೆ ದೊರೆಯುವ ನೆಮ್ಮದಿ ಇಲ್ಲಿ ದೊರೆಯದು. ಕುಮಾರರ ಗಾಯನದಲ್ಲಿ ರಾಗವು ಮಿಂಚಿನಲ್ಲಿ ಕಂಡ ಊರಿನಂತೆ. ಪೂರ್ತಿ ಕಂಡಿತೆಂಬ ಬೆರಗು ಉಂಟು, ಅಡ್ಡಾಡಿ ಬಂದ ತೃಪ್ತಿ ಇಲ್ಲ. ಕೆಲವು ಬೈಠಕ್ಕುಗಳಲ್ಲಿ ಚೀಜಿನ ಮುಖಡವನ್ನೇ ಮತ್ತೆ ಮತ್ತೆ ಹಿಡಿದು ಅವರು ಸುತ್ತುವಾಗ, ಪ್ರಯೋಗವೂ ಒಂದು ರೂಢಿಯಾಗಬಲ್ಲದೆಂಬ ಅನುಮಾನ ಬಾರದಿರದು. ಕಂಠದ ಜಾಡನ್ನು ತಪ್ಪಿಸಿಕೊಂಡವರಿಗೂ ಇನ್ನೊಂದು ಜಾಡು ಕಾದಿರುತ್ತದೆ.

ಆದರೆ ‘ಇದು ಪರಂಪರೆಯಲ್ಲ’ ಎಂಬ ಆಕ್ಷೇಪಣೆಗೆ ಬೇರೊಂದು ಉತ್ತರವಿದೆ. ಆ ಉತ್ತರ ಪರಂಪರೆಯ ಒಳಗಿನಿಂದಲೇ ಬರುತ್ತದೆ. ಜಯಪುರ-ಅತ್ರೌಲಿ ಗಾಯಕಿಯ ಪ್ರವರ್ತಕರಾದ ಉಸ್ತಾದ ಅಲ್ಲಾದಿಯಾಖಾನರು (1855–1946) ತಾರುಣ್ಯದಲ್ಲಿ ಆಮಲೇಟಾದ ಜಹಗೀರುದಾರರ ಆಶ್ರಯದಲ್ಲಿದ್ದಾಗ, ಬಿಡುವಿಲ್ಲದೆ ಹಾಡಬೇಕಾಗಿ ಬಂದು ಕಂಠವನ್ನು ಕಳೆದುಕೊಂಡರು. ಬಹುಕಾಲದ ಮೇಲೆ ದನಿ ಮರಳಿತು. ಮೊದಲಿನ ದನಿಯಾಗಿ ಮರಳಲಿಲ್ಲ. ಉಳಿದ ದನಿಗೆ ಒಗ್ಗುವಂತೆ ಅವರು ಗಾಯಕಿಯನ್ನೇ ಹೊಸದಾಗಿ ಕಟ್ಟಿದರು. ಇಂದು ಆ ಘರಾಣೆಯ ಹೆಗ್ಗುರುತೆಂದು ಕೊಂಡಾಡುವ ವಕ್ರಗತಿಯ, ಒಂದರೊಳಗೊಂದು ಹೆಣೆದ ತಾನಗಳ ಮೂಲದಲ್ಲಿ ಒಡೆದ ಕಂಠವೊಂದರ ಹುಡುಕಾಟವಿದೆ. ಆಮಲೇಟಾ ಇರುವುದು ಅದೇ ಮಾಳವದಲ್ಲಿ ಎಂಬುದು ಕೇವಲ ಕಾಕತಾಳೀಯ. ಆದರೂ ಗಮನಿಸದೆ ಬಿಡಲಾಗದು. ಘರಾಣೆಗಳ ಸ್ವರೂಪವನ್ನು ವಿವೇಚಿಸಿದ ವಾಮನರಾವ ದೇಶಪಾಂಡೆಯವರು, ಪ್ರವರ್ತಕನ ಕಂಠದ ಗುಣಧರ್ಮವೇ ಘರಾಣೆಯ ನಿಯಮಗಳಿಗೆ ಬಹುಮಟ್ಟಿಗೆ ಕಾರಣವೆಂದು ಪ್ರತಿಪಾದಿಸಿದ್ದು ಇದೇ ಅರ್ಥದಲ್ಲಿ. ನಮ್ಮ ನಾಡಿನ ಗಂಗೂಬಾಯಿ ಹಾನಗಲ್ಲರನ್ನೂ ಇಲ್ಲಿ ನೆನೆಯಬಹುದು. 1930ರ ದಶಕದ ಮುದ್ರಿಕೆಗಳಲ್ಲಿ ಕೇಳಿಬರುವ ಅವರ ತೆಳುವಾದ ಏರುದನಿಯು ಗಂಟಲಿನ ಚಿಕಿತ್ಸೆಯ ಬಳಿಕ ಗಂಡುದನಿಯಷ್ಟು ಗಡುಸಾಯಿತು. ಹೊಸ ದನಿಗೆ ತಕ್ಕ ಗಂಭೀರ ಗಾಯಕಿಯನ್ನು ಅವರು ಕಿರಾಣಾ ತಾಲೀಮಿನ ನೆಲೆಯಲ್ಲಿಯೇ ರೂಪಿಸಿಕೊಂಡರು.

ಇದರ ಮಗ್ಗುಲಲ್ಲಿ ಮಲ್ಲಿಕಾರ್ಜುನ ಮನಸೂರರ ಉದಾಹರಣೆಯನ್ನು ಇಟ್ಟು ನೋಡಬೇಕು. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಅವರು ಮೊದಲು ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ ಪದ್ಧತಿಯ ಪಾಠ ಪಡೆದರು. ಮುದ್ರಿಕೆಗಳಿಂದ ಹೆಸರಾಗಿದ್ದ ವಯಸ್ಸಿನಲ್ಲಿ ಅಲ್ಲಾದಿಯಾಖಾನರ ಮಗ ಮಂಜೀಖಾನರಿಗೆ ಶಿಷ್ಯರಾಗಿ, 1937ರಲ್ಲಿ ಮಂಜೀಖಾನರು ತೀರಿಕೊಂಡ ಬಳಿಕ ಭುರ್ಜೀಖಾನರಲ್ಲಿ ಮುಂದುವರಿದರು. ಗಳಿಸಿದ ಗಾಯಕಿಯನ್ನು ಕಳಚಿಟ್ಟು ಮತ್ತೊಂದನ್ನು ಕಂಠಕ್ಕೆ ತೊಡಿಸುವುದು ಸಣ್ಣ ಮಾತಲ್ಲ. ಆರೋಗ್ಯವಂತ ಕಂಠದ ಮನಸೂರರು, ಗಾಯಗೊಂಡ ಕಂಠವೊಂದು ಕಂಡುಕೊಂಡ ದಾರಿಯನ್ನು ಗುರುಮುಖದಿಂದ ಪಡೆದು, ಅದರ ಒಂದು ಎಳೆಯನ್ನೂ ಸಡಿಲಿಸದೆ ತಮ್ಮದಾಗಿ ಮಾಡಿಕೊಂಡರು. ವಚನಗಳಿಗೆ ಅವರು ದನಿಯಿತ್ತಾಗಲೂ ಆ ಹೆಣಿಗೆ ಮಾಯವಾಗುವುದಿಲ್ಲ. ನುಡಿಯ ಸರಳತೆಗೆ ಬಾಗುತ್ತದೆ, ಅಷ್ಟೆ. ಕುಮಾರರನ್ನು ಪ್ರಯೋಗಶೀಲರೆಂದೂ ಮನಸೂರರನ್ನು ಸಂಪ್ರದಾಯನಿಷ್ಠರೆಂದೂ ಎದುರುಬದುರು ಕೂರಿಸುವ ವಾಡಿಕೆ ಈ ದೃಷ್ಟಿಯಿಂದ ಸಡಿಲವಾಗುತ್ತದೆ. ಒಬ್ಬರದು ತಮ್ಮ ದೇಹದಲ್ಲಿ ನಡೆದ ಪ್ರಯೋಗ. ಇನ್ನೊಬ್ಬರದು ಎರಡು ತಲೆಮಾರು ಹಿಂದೆ ಬೇರೊಂದು ದೇಹದಲ್ಲಿ ನಡೆದು, ತಾಲೀಮಾಗಿ ಹರಿದು ಬಂದ ಪ್ರಯೋಗ. ಇಬ್ಬರೂ ತೀರಿಕೊಂಡದ್ದು 1992ರಲ್ಲಿ, ಕುಮಾರರು ಜನವರಿಯಲ್ಲಿ, ಮನಸೂರರು ಸೆಪ್ಟೆಂಬರಿನಲ್ಲಿ.

ಕುಮಾರರು ನಡುವಯಸ್ಸಿನಲ್ಲಿ ಬಾಲಗಂಧರ್ವರ ನಾಟ್ಯಗೀತೆಗಳ ಒಂದು ಕಾರ್ಯಕ್ರಮವನ್ನು ರೂಪಿಸಿದರು. ಅದರ ಮರಾಠಿ ಹೆಸರಿನ ಅರ್ಥ ‘ನನಗೆ ತಿಳಿದ ಬಾಲಗಂಧರ್ವ’ ಎಂದಾಗುತ್ತದೆ. ತಟ್ಟೆಯನ್ನು ಕೇಳಿ ಕೇಳಿದಂತೆಯೇ ಹಾಡುತ್ತಿದ್ದ ಬಾಲಕನು ಮೂರು ದಶಕಗಳ ನಂತರ ಮತ್ತೊಬ್ಬರ ಗಾಯನಕ್ಕೆ ಮರಳಿದ ಸಂದರ್ಭವಿದು. ಬಾಲಗಂಧರ್ವರ ಜೇನಿನಂತೆ ಇಳಿಯುವ ಮುರ್ಕಿಗಳು, ಒಂದು ಶಬ್ದದಿಂದ ಮತ್ತೊಂದಕ್ಕೆ ಜಾರುವ ಲಾಲಿತ್ಯ ಈ ಒಡೆದ ಉಸಿರಿನ ಕಂಠಕ್ಕೆ ನೇರವಾಗಿ ಒಗ್ಗುವಂಥವಲ್ಲ. ಕುಮಾರರು ಅವನ್ನು ಅನುಕರಿಸಲಿಲ್ಲ. ಮುರ್ಕಿಯು ಯಾವ ಅಕ್ಷರದ ಮೇಲೆ, ಯಾವ ಭಾವಕ್ಕಾಗಿ ಹುಟ್ಟಿತೆಂಬುದನ್ನು ಹಿಡಿದು, ಅಲ್ಲಿ ತಮ್ಮ ಕಂಠಕ್ಕೆ ಸಾಧ್ಯವಾದುದನ್ನು ಇಟ್ಟರು. ಕೇಳಿದರೆ ಬಾಲಗಂಧರ್ವರೇ ಎದುರು ಬರುತ್ತಾರೆ, ಒಂದು ಸ್ವರವೂ ಅವರಂತೆ ಇರುವುದಿಲ್ಲ. ದೇವಧರರ ಶಾಲೆಯಲ್ಲಿ ಬಿತ್ತಿದ ವಿಶ್ಲೇಷಣೆಯ ಬುದ್ಧಿ, ದೇವಾಸದ ಮೌನದಲ್ಲಿ ಕಂಡ ಉಸಿರಿನ ಮಿತವ್ಯಯ ಇಲ್ಲಿ ಒಂದಾಗಿವೆ.

ಕುಮಾರರ ತರುವಾಯ ಅವರ ಧಾಟಿಯನ್ನು ಹಿಡಿದವರಲ್ಲಿ ಎರಡು ಬಗೆಯವರು ಕಾಣುತ್ತಾರೆ. ಎರಡು ಶ್ವಾಸಕೋಶಗಳೂ ಸುಸ್ಥಿತಿಯಲ್ಲಿರುವ ಕೆಲವು ತರುಣರು ಅವರಂತೆಯೇ ನಡುನಡುವೆ ಉಸಿರುಗಟ್ಟಿ ನಿಲ್ಲುತ್ತಾರೆ. ತಲೆಯನ್ನು ಹಿಂದಕ್ಕೆ ಚೆಲ್ಲಿ ತಾರಷಡ್ಜವನ್ನು ಎಸೆಯುತ್ತಾರೆ. ಕಾರಣವಿಲ್ಲದ ಆ ತೆರವುಗಳಲ್ಲಿ ಲಯವೂ ಇಲ್ಲ, ತಂಬೂರಿಯೂ ಮಾತಾಡುವುದಿಲ್ಲ. ಇವರು ಬಾಲಕ ಕುಮಾರನ ಶಿಷ್ಯರೇ ಹೊರತು ದೇವಾಸದ ಕುಮಾರರ ಶಿಷ್ಯರಲ್ಲ. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಕೋಮಕಲಿ, ಮೊಮ್ಮಗ ಭುವನೇಶ ಕೋಮಕಲಿಯವರ ಗಾಯನವನ್ನು ಕೇಳಿದಾಗ ಬೇರೆಯೇ ಅನುಭವ. ಮುಕುಲರು ವಿಲಂಬಿತದ ವಿಸ್ತಾರಕ್ಕೆ ಮರಳಿದ್ದಾರೆ; ತಂದೆಗೆ ನಿಲುಕದಿದ್ದ ಉದ್ದನೆಯ ಉಸಿರು ಅವರಲ್ಲಿದೆ. ಕಲಾಪಿನಿಯವರು ತಂದೆಯ ಚೀಜುಗಳನ್ನು ಹೆಂಗಸಿನ ಕಂಠಕ್ಕೆ ಹೊಂದಿಸಿಕೊಳ್ಳುವಾಗ ಎಸೆತವನ್ನು ತಗ್ಗಿಸಿ ಶಬ್ದಕ್ಕೆ ಒತ್ತು ಕೊಡುತ್ತಾರೆ. ಒಂದು ಚೀಜಿನ ಸ್ವರ, ಮಾತ್ರೆಗಳನ್ನು ಲಿಪಿಯಲ್ಲಿ ಬರೆದಿಡಬಹುದು. ಸ್ವರವನ್ನು ಎಷ್ಟು ಬಲದಿಂದ ಬಿಡಬೇಕು, ಎಲ್ಲಿ ಮೌನವನ್ನು ತಂಬೂರಿಗೆ ಒಪ್ಪಿಸಬೇಕು ಎಂಬುದು ಎದುರು ಕುಳಿತು ಕಲಿತವರಿಗೆ ಸಿಗುವಂಥದು. ಹಾಗೆ ಕಲಿತವರೂ ಅದನ್ನು ತಮ್ಮ ತಮ್ಮ ಉಸಿರಿನ ಅಳತೆಗೆ ತಕ್ಕಂತೆ ಬದಲಿಸಿಕೊಂಡು ಹಾಡುತ್ತಿದ್ದಾರೆ.